ಊಟ ಆತೇನಜ್ಜಿ ಎಂದು ಕೇಳಿದ ಹುಡುಗಿ

ದಾವಣಗೆರೆಯ ನಮ್ಮ ನರ್ಸಿಂಗ್ ಶಾಲೆಯಲ್ಲಿ ನಾನು ಕಲಿಸುವ ಪಾಠಗಳಲ್ಲಿ ಯಾರಿಗೂ ಬೇಡವಾದದ್ದು ಒಂದಿತ್ತು. ರೋಗಿಯ ಜೊತೆ ಮಾತನಾಡುವುದು ಹೇಗೆ ಎಂಬ ಪಾಠ. ರಕ್ತನಾಳ ಹುಡುಕುವುದನ್ನು ತೋರಿಸುವಾಗ ಒಬ್ಬರ ಮೇಲೊಬ್ಬರು ಬಿದ್ದು ನೋಡುವ ಹುಡುಗಿಯರು, ಈ ಪಾಠಕ್ಕೆ ಬಂದರೆ ಗೋಡೆಗೊರಗಿ ಮೊಬೈಲ್ ತೆಗೆಯುತ್ತಿದ್ದರು. ಅವರನ್ನು ಬೈದು ಪ್ರಯೋಜನವಿರಲಿಲ್ಲ. ಪುಸ್ತಕದಲ್ಲಿ ಇದ್ದದ್ದೇ ಅಷ್ಟು. ರೋಗಿಯ ಎದುರು ಕೂರಬೇಕು, ತುಸು ಮುಂದಕ್ಕೆ ಬಾಗಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ‘ನಿಮ್ಮ ಭಾವನೆಗಳನ್ನು ನನ್ನೊಂದಿಗೆ ಹಂಚಿಕೊಳ್ಳಲು ಇಚ್ಛಿಸುವಿರಾ’ ಎಂದು ಕೇಳಬೇಕು. ನಮ್ಮ ಜಿಲ್ಲೆಯ ಯಾವ ವಾರ್ಡಿನಲ್ಲಿ ಹೀಗೆ ಕೇಳಿದರೂ ರೋಗಿ ಗಾಬರಿಯಾಗಿ ಮನೆಯವರನ್ನು ಕೂಗುತ್ತಾನೆ.

ಮುಂದಿನ ಬೆಂಚಿನಲ್ಲಿ ಒಬ್ಬಳಿದ್ದಳು. ಯಾವ ಪಾಠ ಶುರುವಾದರೂ ಅವಳದು ಒಂದೇ ಪ್ರಶ್ನೆ.

“ಮೇಡಂ, ಇದನ್ನ ಇಂಟರ್‌ವ್ಯೂದಾಗ ಕೇಳ್ತಾರೇನ್ರಿ?”

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. “ಮೊದಲು ನೀನು ಪಾಸಾಗು ತಾಯಿ, ಇಂಟರ್‌ವ್ಯೂದವರು ಕಾಯ್ತಾರೆ” ಎಂದು ಬಾಯಿ ಮುಚ್ಚಿಸುತ್ತಿದ್ದೆ. ಆದರೆ ಮನೆಗೆ ಹೋಗುವಾಗ ಎಸ್.ಎಸ್. ಬಡಾವಣೆಯ ತಿರುವಿನವರೆಗೂ ಆ ಪ್ರಶ್ನೆ ನನ್ನ ಸ್ಕೂಟರಿನ ಹಿಂದೆಯೇ ಬರುತ್ತಿತ್ತು. ಈ ಮಕ್ಕಳು ಬಂದಿರುವುದು ಕೆಲಸಕ್ಕಾಗಿ. ಓದು ಮುಗಿದ ಮಾರನೇ ದಿನದಿಂದ ಸಂಬಳ ಬರಬೇಕಾದ ಮನೆಗಳು ಅವು. ಕೆಲಸಕ್ಕೆ ಬಾರದ ಪಾಠವನ್ನು ಅವರು ಯಾಕಾದರೂ ಕೇಳಬೇಕು?

ಸರಿ, ಪಾಠವನ್ನೇ ಬದಲಿಸೋಣ ಎಂದು ಹೊರಟೆ. ನಮ್ಮಲ್ಲಿ ಓದಿ ದೊಡ್ಡ ಆಸ್ಪತ್ರೆಗಳಿಗೆ ಸೇರಿದ್ದವರಿಗೆ ಫೋನು ಮಾಡಿ, ಇಂಟರ್‌ವ್ಯೂದಲ್ಲಿ ಏನೇನು ಕೇಳಿದರು ಎಂದು ವಿಚಾರಿಸಿ, ಅದನ್ನೇ ಪಾಠ ಮಾಡಿದೆ. ಹೊರದೇಶದ ಆಸ್ಪತ್ರೆಗಳ ವಿಡಿಯೊ ತೋರಿಸಿದೆ. ಮೊದಮೊದಲು ಎಲ್ಲರೂ ಎದ್ದು ಕೂತರು. ಆಮೇಲೆ ಉತ್ತರಗಳನ್ನು ಬಾಯಿಪಾಠ ಮಾಡಿ ಒಪ್ಪಿಸತೊಡಗಿದರು, ಮತ್ತೆ ಗೋಡೆಗೆ ಒರಗಿದರು. ಇಂಟರ್‌ವ್ಯೂದಲ್ಲಿ ಹೇಗೆ ಮಾತನಾಡಬೇಕು ಎಂಬುದು ಅವರಿಗೆ ಬಂದಿತ್ತು. ರೋಗಿಯ ಜೊತೆ ಮಾತ್ರ ಮೊದಲಿನಂತೆಯೇ ಇದ್ದರು.

ಒಬ್ಬಳನ್ನು ಬಿಟ್ಟು. ಅವಳು ಭಾನುವಳ್ಳಿಯ ಹುಡುಗಿ. ಅಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದರು, ಅವ್ವ ಭತ್ತದ ನಾಟಿಗೆ ಹೋಗುತ್ತಿದ್ದರು. ಆ ಮನೆಯಿಂದ ಹೈಸ್ಕೂಲು ದಾಟಿದವಳು ಇವಳೊಬ್ಬಳೇ. ಪರೀಕ್ಷೆಯಲ್ಲಿ ಸಾಧಾರಣ. ವಾರ್ಡಿಗೆ ಹೋದರೆ ಬೇರೆಯೇ ಆಗಿಬಿಡುತ್ತಿದ್ದಳು. ಮಂಚದ ಹತ್ತಿರ ಹೋಗಿ, ಹೊದಿಕೆ ಸರಿಮಾಡುತ್ತಾ, “ಊಟ ಆತೇನಜ್ಜಿ?” ಎಂದು ಶುರು ಮಾಡಿದಳೆಂದರೆ, ಸೂಜಿ ಕಂಡರೆ ಕಿರುಚುವವರೂ ತೋಳು ಚಾಚುತ್ತಿದ್ದರು. ಪಾಠದ ಪುಸ್ತಕದಲ್ಲಿ ಇಲ್ಲದ್ದು ಈ ಹುಡುಗಿಗೆ ಬರುತ್ತದಲ್ಲ ಎಂದು ನನಗೆ ಹೆಮ್ಮೆ.

ಹರಿಹರದ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ನಮ್ಮ ಹುಡುಗಿಯರನ್ನು ವಾರ್ಡಿನ ಕೆಲಸ ಕಲಿಯಲು ಪೋಸ್ಟಿಂಗಿಗೆ ಕಳಿಸುತ್ತಿದ್ದೆವು. ಭಾನುವಳ್ಳಿಯಿಂದ ಬಸ್ಸು ಹತ್ತಿದರೆ ಹರಿಹರ ಹತ್ತಿರವೆಂದು ಅವಳು ಹಾಸ್ಟೆಲ್ ಬಿಟ್ಟು ಮನೆಯಿಂದಲೇ ಹೋಗಿಬರುತ್ತಿದ್ದಳು. ಆ ವಾರ್ಡಿನಲ್ಲಿ ಲೋಕಿಕೆರೆಯ ಒಬ್ಬ ಅಜ್ಜಿ ಇದ್ದರು. ಹರಿಹರದ ಮಗಳ ಮನೆಗೆ ಬಂದವರು, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಅಡ್ಮಿಟ್ ಆಗಿದ್ದರು. ಅವರಿಗೆ ಬೇಗ ಕೆಲಸ ಮಾಡುವ ಇನ್ಸುಲಿನ್ ಬರೆದಿದ್ದರು. ವಯಸ್ಸಾದವರು, ಒಂದು ದಿನ ಉಂಡರೆ ಒಂದು ದಿನ ಇಲ್ಲ. ಅದಕ್ಕೇ ಊಟವಾದ ತಕ್ಷಣ ಕೊಡಿ, ಊಟವಿಲ್ಲದಿದ್ದರೆ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಊಟ ಮಗಳ ಮನೆಯಿಂದ ಬರುತ್ತಿತ್ತು.

ಆ ಮಧ್ಯಾಹ್ನ ಸ್ಟಾಫ್ ನರ್ಸ್ ಔಷಧಿ ಅಳೆದು, ಸಿರಿಂಜನ್ನು ಹುಡುಗಿಗೆ ತೋರಿಸಿ ಕೈಗಿಟ್ಟು, “ಊಟ ಆಗೈತಾ ಕೇಳು, ಆಗಿದ್ರೆ ಕೊಡು” ಎಂದರು. ಹುಡುಗಿ ಕೇಳಿದಳು. ಅಜ್ಜಿ “ಆತವ್ವ” ಎಂದರು. ಅವಳು ಹೊಟ್ಟೆಯ ಚರ್ಮ ಹಿಡಿದೆತ್ತಿ, ಹೇಳಿಕೊಟ್ಟಂತೆ ಸೂಜಿ ಚುಚ್ಚಿದಳು. ಮಗಳ ಬುತ್ತಿ ಆ ದಿನ ಇನ್ನೂ ಬಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜಿಗೆ ಬೆವರು ಕಿತ್ತುಕೊಂಡು ಬಂದಿದೆ, ಕೈ ನಡುಗಿದೆ. ನೀರಿಗೋ ಏನೋ, ಮಂಚದಿಂದ ಇಳಿಯಲು ಹೋಗಿ ಕಣ್ಣು ಕತ್ತಲೆ ಬಂದು ಬಿದ್ದರು. ಸದ್ದು ಕೇಳಿ ಮೊದಲು ಓಡಿದವಳು ಈ ಹುಡುಗಿಯೇ. ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ ಪೂರಾ ಇಳಿದಿತ್ತು. ನರಕ್ಕೆ ಗ್ಲೂಕೋಸ್ ಕೊಟ್ಟ ಮೇಲೆ ಅಜ್ಜಿ ಕಣ್ಣು ಬಿಟ್ಟರು. ಜೀವ ಉಳಿಯಿತು. ಆದರೆ ಸೊಂಟದ ಕೀಲಿನ ಮೂಳೆ ಮುರಿದಿತ್ತು. ಆಂಬುಲೆನ್ಸಿನಲ್ಲಿ ದಾವಣಗೆರೆಗೆ ತಂದರು, ಆಪರೇಷನ್ ಆಯಿತು.

ನಮ್ಮ ಪ್ರಾಂಶುಪಾಲರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಲೋಕಿಕೆರೆಯಿಂದ ಅಜ್ಜಿಯ ಮಗ ಬಂದಿದ್ದರು. ಹೊಲದ ಕೆಲಸ ಬಿಟ್ಟು ಹಾಗೇ ಬಂದವರು, ಕೂರಲು ಹೇಳಿದರೂ ಕೂರಲಿಲ್ಲ.

“ಈ ಹುಡುಗಿ ಕೇಳೇ ಇಲ್ಲ ಸಾರ್” ಎಂದರು. “ಕೇಳಿದ್ರೆ ನಮ್ಮವ್ವ ಉಣ್ಣದೆ ಉಂಡೀನಿ ಅಂತ ಯಾಕ ಹೇಳ್ತಾಳ್ರಿ? ಆಕಿಗೇನು ಹುಚ್ಚಾ?”

ಹುಡುಗಿ ದುಪಟ್ಟಾದ ತುದಿಯನ್ನು ಹಿಂಡುತ್ತಾ, “ಕೇಳಿನ್ರಿ. ಆತವ್ವ ಅಂದ್ರು” ಎಂದಳು. ಎಷ್ಟು ಸಲ ಕೇಳಿದರೂ ಅಷ್ಟೇ. ಸ್ಟಾಫ್ ನರ್ಸ್ ಒಳ್ಳೆಯವರು, ಸುಳ್ಳು ಹೇಳಲಿಲ್ಲ. ತಾನು ಕೇಳಲು ಹೇಳಿದ್ದು ನಿಜ, ಇವಳು ಕೇಳಿದ್ದು ತನ್ನ ಕಿವಿಗೆ ಬೀಳಲಿಲ್ಲ ಎಂದರು. ಅಜ್ಜಿಯನ್ನು ಕೇಳೋಣವೆಂದರೆ ಅವರಿಗೆ ಆಪರೇಷನ್ನಿನ ಮಂಪರು ಇಳಿದಿರಲಿಲ್ಲ, ಇಳಿದ ಮೇಲೆ ಮನೆಯವರು ನಮ್ಮನ್ನು ಹತ್ತಿರ ಬಿಡಲಿಲ್ಲ.

ತೀರ್ಮಾನವಾಗುವವರೆಗೆ ಅವಳು ವಾರ್ಡಿಗೆ ಕಾಲಿಡುವಂತಿಲ್ಲ ಎಂದು ಪ್ರಾಂಶುಪಾಲರು ಹೇಳಿದರು. ವಾರ್ಡಿನ ಹಾಜರಿ ಇಲ್ಲದೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ, ಪರೀಕ್ಷೆ ಇಲ್ಲದೆ ನರ್ಸ್ ಆಗುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಬಿಳಿ ಕೋಟನ್ನು ಮಡಚಿ ನನ್ನ ಮೇಜಿನ ಮೇಲಿಟ್ಟು ಊರಿಗೆ ಹೋದಳು.

ಫೋನು ಎತ್ತಲಿಲ್ಲವೆಂದು ಒಂದು ಭಾನುವಾರ ನಾನೇ ಭಾನುವಳ್ಳಿಗೆ ಹೋದೆ. ಬೆಳಿಗ್ಗೆ ಮನೆಯಲ್ಲಿ ಏನೋ ಕಿರಿಕಿರಿ, ಬರೀ ಚಹಾ ಕುಡಿದು ಹೊರಟಿದ್ದೆ. ಹರಿಹರದಲ್ಲಿ ಬಸ್ಸಿಗೆ ಕಾದು, ಇಳಿಯುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. ಕಾಲುವೆಯ ಆಚೆ ಅವರ ಮನೆ. ಅವಳ ಅವ್ವ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿದರು.

“ಬರ್ರಿ ಮೇಡಮ್ಮಾರ, ಕೂಡ್ರಿ. ಊಟ ಆತೇನ್ರಿ?”

“ಆತ್ರಿ, ಈಗ ಮಾಡ್ಕೊಂಡೇ ಬಂದೆ” ಎಂದೆ.

ಒಳಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನನ್ನೇ ನೋಡಿದಳು. “ನೀವು ಉಂಡಿಲ್ಲ ಮೇಡಂ” ಎಂದಳು.

ಅವಳು ಹೇಳಿದ್ದು ನಿಜ. ಬೆಳಗಿನ ಚಹಾ ಬಿಟ್ಟರೆ ನಾನು ಏನೂ ತಿಂದಿರಲಿಲ್ಲ. ಸುಳ್ಳು ಹೇಳಬೇಕೆಂದು ನಾನು ಅಂದುಕೊಂಡೇ ಇರಲಿಲ್ಲ. ಇಲ್ಲ ಎಂದರೆ ಆ ಅವ್ವ ಒಲೆ ಹಚ್ಚುತ್ತಾರೆ, ಇದ್ದದ್ದನ್ನೆಲ್ಲ ಬಡಿಸುತ್ತಾರೆ, ಅವರಿಗೆ ಯಾಕೆ ತೊಂದರೆ. ಇಷ್ಟನ್ನೂ ಯೋಚಿಸುವ ಮೊದಲೇ ನಾಲಿಗೆ ‘ಆತ್ರಿ’ ಎಂದಿತ್ತು. ಹುಟ್ಟಿದಾಗಿನಿಂದ ನಾವೆಲ್ಲ ಕೊಡುತ್ತಾ ಬಂದಿರುವ ಉತ್ತರ ಅದು. ಊಟ ಆಯಿತೇ ಎಂದು ಕೇಳುವುದು ಪ್ರೀತಿಗೆ, ಆಯಿತು ಎನ್ನುವುದು ಮರ್ಯಾದೆಗೆ. ಉಂಡಿದ್ದೇವೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಉಣ್ಣದೆ ಉಂಡೀನಿ ಅಂತ ಯಾಕೆ ಹೇಳ್ತಾಳೆ ಎಂದು ಲೋಕಿಕೆರೆಯ ಅಜ್ಜಿಯ ಮಗ ಕೇಳಿದ್ದಕ್ಕೆ ಉತ್ತರ ನನ್ನ ಬಾಯಲ್ಲೇ ಇತ್ತು.

ಅವ್ವ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ನಾನು ತಿನ್ನುತ್ತಾ ಹುಡುಗಿಗೆ ಎಲ್ಲವನ್ನೂ ಹೇಳಿದೆ. ನೀನು ಕೇಳಿದ್ದೆ ಎಂದು ನಾನು ನಂಬುತ್ತೇನೆ, ವಾಪಸ್ ಬಾ ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

“ನಂಬಿದ್ರೆ ಏನಾತ್ರಿ ಮೇಡಂ? ಅಜ್ಜಿ ಬಿದ್ದಿದ್ದು ಬಿದ್ದಂಗೇ ಐತಲ್ಲ.”

“ಇದನ್ನ ಪಾಠ ಮಾಡ್ತೀನಿ. ಮಾಡ್ಲಾ?” ಎಂದು ಕೇಳಿದೆ. ನೀನು ಬೇಡ ಎಂದರೆ ಮಾಡುವುದಿಲ್ಲ ಎಂದೂ ಹೇಳಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾ, “ಮಾಡ್ರಿ. ನನ್ ಹೆಸರು ಮಾತ್ರ ಬ್ಯಾಡ” ಎಂದಳು.

ಸೋಮವಾರ ಪುಸ್ತಕವನ್ನು ಮುಚ್ಚಿಟ್ಟೆ. ನಿಮ್ಮ ಮನೆಗಳಲ್ಲಿ ಹಿರಿಯರು ಯಾವ ಯಾವ ಪ್ರಶ್ನೆಗೆ ಬರೀ ಮರ್ಯಾದೆಗೆ ಹೂಂ ಅನ್ನುತ್ತಾರೆ, ನೋಡಿಕೊಂಡು ಬನ್ನಿ ಎಂದೆ. ಅವರು ತಂದದ್ದನ್ನು ಕೇಳಿ ನಾನೇ ದಂಗಾದೆ. ಗುಳಿಗೆ ನುಂಗಿದಿರಾ ಎಂದರೆ ಬೈಸಿಕೊಳ್ಳಬಾರದೆಂದು ಹೂಂ ಎನ್ನುವ ತಾತ. ಅತ್ತೆ ಪಕ್ಕದಲ್ಲಿದ್ದರೆ ಎಷ್ಟೇ ನೋವಿದ್ದರೂ “ಆರಾಮ ಅದೀನ್ರಿ” ಎನ್ನುವ ಸೊಸೆ. ಗಾಯ ಉರಿಯುತ್ತದೆಯೇ ಎಂದರೆ, ಕಟ್ಟಿದವರಿಗೆ ಬೇಜಾರಾದೀತೆಂದು ಇಲ್ಲ ಎನ್ನುವ ದೊಡ್ಡಪ್ಪ. ಪ್ರತಿಯೊಬ್ಬರಿಗೂ ಹೇಳಲು ಒಂದು ಮನೆ ಇತ್ತು. ಮೊಬೈಲ್ ಬ್ಯಾಗಿನಿಂದ ಹೊರಗೆ ಬರಲಿಲ್ಲ.

ಹಾಗಾದರೆ ‘ಊಟ ಆಯ್ತಾ’ ಎಂಬ ಪ್ರಶ್ನೆಯೇ ವಾರ್ಡಿನಲ್ಲಿ ಬೇಡ ಎಂದು ನಿಯಮ ಮಾಡಿದೆ. ಏನು ಉಂಡಿರಿ, ಯಾರು ತಂದರು ಎಂದು ಕೇಳಿ, ಡಬ್ಬಿಯನ್ನು ಕಣ್ಣಿನಿಂದ ನೋಡಿ, ಆಮೇಲೆ ಸೂಜಿ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ವಾರ್ಡಿಗೆ ಹೋದಾಗ ನಿಯಮ ಮಣ್ಣುಪಾಲಾಯಿತು. ಹುಡುಗಿಯರು ಪೊಲೀಸರಂತೆ ಹೋಗಿ ನಿಂತು ಕೇಳಿದರು, ರೋಗಿಗಳು ಮುಖ ಸಿಂಡರಿಸಿದರು. ಒಬ್ಬ ತಾತ ನನ್ನನ್ನೇ ಕರೆದು, “ಇವಕ್ಕೆ ಏನ್ ಕಲಿಸಿರಿ ನೀವು? ಊಟ ಆತಾ ತಾತ ಅಂತ ಒಂದ್ ಮಾತಿಲ್ಲ, ಬಂದ್ ಕೂಡ್ಲೇ ಏನ್ ಉಂಡಿ ಅಂತ ಜಬರ್ದಸ್ತಿ ಮಾಡ್ತಾವೆ” ಎಂದು ಸಿಟ್ಟು ಮಾಡಿದರು. ಹೊಟ್ಟೆಯೊಳಗಿನದನ್ನು ಹೇಳುವುದಿರಲಿ, ತೋಳನ್ನೂ ಕೊಡಲಿಲ್ಲ.

ಆಗ ನನಗೆ ಭಾನುವಳ್ಳಿಯವಳು ನೆನಪಾದಳು. ಅವಳ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಅದರ ನಂತರ ಇನ್ನೊಂದು ಪ್ರಶ್ನೆ ಇರಬೇಕಿತ್ತು, ಅದನ್ನು ಯಾವ ಪುಸ್ತಕವೂ ಅವಳಿಗೆ ಕೊಟ್ಟಿರಲಿಲ್ಲ. ನಿಯಮವನ್ನು ತಿದ್ದಿದೆ. ಮೊದಲು ಊಟ ಆಯಿತೇ ಎಂದು ಕೇಳಿ, ಅವರು ಆಯಿತು ಎನ್ನಲಿ. ಅದು ನಿಮ್ಮಿಬ್ಬರ ನಡುವಿನ ಮಾತು, ಅದನ್ನು ಔಷಧಿಗೆ ಬಳಸಬೇಡಿ. ಆಮೇಲೆ ಮಂಚದ ಪಕ್ಕ ಕೂತು, ಇವತ್ತು ಏನು ಮಾಡಿದ್ದರು ಮನೆಯಲ್ಲಿ, ರೊಟ್ಟಿನಾ ಅನ್ನನಾ, ಎಷ್ಟು ಸೇರಿತು ಎಂದು ಮಾತಿಗೆಳೆಯಿರಿ. ಡಬ್ಬಿ ನೋಡಿ. ಸೂಜಿ ಕೊಡಲು ಲೆಕ್ಕಕ್ಕೆ ಬರುವುದು ಈ ಎರಡನೆಯ ಮಾತು.

ತರಗತಿಯಲ್ಲಿ ಒಬ್ಬಳನ್ನು ರೋಗಿಯಾಗಿ ಕೂರಿಸಿ, ಉಂಡಿದ್ದಾಳೋ ಇಲ್ಲವೋ ಎಂಬುದನ್ನು ಅವಳ ಕಿವಿಯಲ್ಲಿ ಹೇಳುತ್ತಿದ್ದೆ. ಇನ್ನೊಬ್ಬಳು ಅದನ್ನು ಹೊರಗೆಳೆಯಬೇಕು. ಬಿಡುವಿನ ಗಂಟೆ ಬಾರಿಸಿದರೂ ಯಾರೂ ಏಳುತ್ತಿರಲಿಲ್ಲ. ಮುಂದಿನ ಬೆಂಚಿನವಳು ಇಂಟರ್‌ವ್ಯೂ ಮಾತೆತ್ತುವುದನ್ನೇ ಬಿಟ್ಟಿದ್ದಳು. ಒಂದು ದಿನ ಎದ್ದು ನಿಂತು, “ಮೇಡಂ, ಇದನ್ನ ಆಕಿಗೆ ಮೊದಲೇ ಹೇಳಿಕೊಟ್ಟಿದ್ರೆ ಆಕಿ ಇಲ್ಲೇ ಇರ್ತಿದ್ಲು” ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನನಗೆ ಮಾತ್ರ ಆ ದಿನ ಪಾಠ ಮುಂದುವರಿಸಲು ಆಗಲಿಲ್ಲ. ವರ್ಷಗಟ್ಟಲೆ ಬಯಸಿದ್ದ ತರಗತಿ ನನ್ನ ಮುಂದೆ ಕೂತಿತ್ತು. ಭಾನುವಳ್ಳಿಯವಳು ಕೂರುತ್ತಿದ್ದ ಕಿಟಕಿ ಪಕ್ಕದ ಜಾಗದಲ್ಲಿ ಮಾತ್ರ ಯಾರೂ ಕೂರುತ್ತಿರಲಿಲ್ಲ.

ಪ್ರಾಂಶುಪಾಲರಿಗೆ ಎಲ್ಲವನ್ನೂ ವಿವರಿಸಿದೆ. ಅವರೂ ನಮ್ಮ ಕಡೆಯವರೇ, ತಕ್ಷಣ ಅರ್ಥವಾಯಿತು. ಆದರೂ ಕುರ್ಚಿಯಲ್ಲಿ ಕೂತವರ ಕಷ್ಟ ಅವರಿಗೆ. “ನಿಮ್ಮ ಮಾತು ಒಪ್ಪಬಹುದು ಮೇಡಂ. ಅಜ್ಜಿ ಮನೆಯವರು ಒಪ್ಪಬೇಕಲ್ಲ. ಅವರು ಸರಿ ಅಂದ್ರೆ ಹುಡುಗಿ ನಾಳೆನೇ ಬರಲಿ” ಎಂದರು.

ಹಾಗಾಗಿ ಲೋಕಿಕೆರೆಗೆ ಹೋದೆ. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಮಗ ಬೈಯಲಿಲ್ಲ, ಕಂಬಕ್ಕೆ ಒರಗಿ ನಿಂತರು. ಪಡಸಾಲೆಯಲ್ಲಿ ಅಜ್ಜಿ ಮಲಗಿದ್ದರು. ಆಪರೇಷನ್ ಆದರೂ ಕಾಲಿನ ಹುಣ್ಣಿನಿಂದಾಗಿ ನಡೆಸಲು ಆಗಿರಲಿಲ್ಲ. ಎಲ್ಲದಕ್ಕೂ ಮತ್ತೊಬ್ಬರು ಎತ್ತಬೇಕು. ಮುಖ ಚಿಕ್ಕದಾಗಿತ್ತು, ಕಣ್ಣುಗಳು ಮಾತ್ರ ಚುರುಕಾಗಿಯೇ ಇದ್ದವು. ನಾನು ಪಕ್ಕದಲ್ಲಿ ಕೂತು ಅದೂ ಇದೂ ಮಾತನಾಡಿ, ಕೊನೆಗೆ ಕೇಳಿದೆ.

“ಅಜ್ಜಿ, ಅವತ್ತು ಸೂಜಿ ಮಾಡೋಕ್ ಮುಂಚೆ ಆ ಹುಡುಗಿ ಏನಾದ್ರೂ ಕೇಳಿದ್ಲಾ?”

“ಊಟ ಆತೇನಜ್ಜಿ ಅಂದ್ಲು. ದಿನಾ ಕೇಳ್ತಿತ್ತು ಆ ಕೂಸು.”

ಮಗ ಕಂಬ ಬಿಟ್ಟು ಹತ್ತಿರ ಬಂದರು. “ಇದನ್ನ ನಾವು ನಿನ್ನ ಕೇಳ್ಲೇ ಇಲ್ಲ. ಮತ್ತೆ ಉಂಡೀನಿ ಅಂತ ಯಾಕಂದೆ ಯವ್ವ?”

ಅಜ್ಜಿ ಮಗನನ್ನು ನೋಡದೆ ನನ್ನ ಕೈ ಹಿಡಿದುಕೊಂಡರು. “ಆ ಕೂಸಿನ ಬುತ್ತಿನೇ ಅಲ್ಲಿ ಮೂಲ್ಯಾಗ ಬಿಚ್ಚದಂಗೇ ಇತ್ತವ್ವ. ಹೊತ್ತಾರೆ ಬಂದಿದ್ದು, ತುಟಿ ಒಣಗಿದ್ವು. ಉಂಡಿಲ್ಲ ಅಂದಿದ್ರೆ ತಂದು ನನ್ ಮುಂದೆ ಇಟ್ಟುಬಿಡ್ತಿತ್ತು. ಅಂಥ ಕೂಸು ಅದು. ನಾನು ಮುದುಕಿ, ಹೆಂಗೋ ತಡಕಂತೀನಿ ಅಂತ ಆತು ಅಂದೆ.”

ಮಗ ಗೋಡೆಯ ಕಡೆ ತಿರುಗಿ ನಿಂತರು. ನನಗೆ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅಜ್ಜಿಯೇ ನನ್ನನ್ನು ಸಮಾಧಾನ ಮಾಡಿದರು. ಹೊರಡುವಾಗ ಮಗ ಬಸ್‌ಸ್ಟಾಪಿನವರೆಗೂ ಬಂದು, “ಹುಡುಗಿನ್ನ ಓದ್ಸ್ರಿ ಮೇಡಂ. ನಿಮ್ ಸಾಹೇಬ್ರಿಗೆ ನಾನೇ ಫೋನ್ ಮಾಡ್ತೀನಿ” ಎಂದರು. ಮಾಡಿದರು ಕೂಡ.

ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡು ಭಾನುವಳ್ಳಿಗೆ ಫೋನು ಹಚ್ಚಿದರೆ, ಅವ್ವ ಎತ್ತಿದರು. ಹುಡುಗಿ ಹರಿಹರದಲ್ಲಿ ಒಂದು ಬಟ್ಟೆ ಅಂಗಡಿಗೆ ಸೇರಿದ್ದಾಳೆ ಎಂದರು. ಮಾರನೇ ದಿನವೇ ಹೋದೆ. ಗಾದಿಯ ಮೇಲೆ ಗಿರಾಕಿಗಳು ಬಿಚ್ಚಿಸಿ ಬಿಟ್ಟುಹೋದ ಸೀರೆಗಳ ರಾಶಿ. ಅವಳು ಒಂದೊಂದನ್ನೇ ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದಳು. ನನ್ನನ್ನು ಕಂಡು ನಕ್ಕಳು, ಸ್ಟೂಲು ಎಳೆದು ಕೊಟ್ಟಳು.

ಅಜ್ಜಿ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಅವಳ ಕೈ ನಿಂತಿತು.

“ನನ್ ಬುತ್ತಿ ನೋಡಿದ್ರಂತಾ?”

“ನೋಡಿದ್ರಂತೆ.”

“ನಡೀತಾರೇನ್ರಿ ಈಗ?”

“ಇಲ್ಲ” ಎಂದೆ. ಅವಳಿಗೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. “ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ. ಪ್ರಾಂಶುಪಾಲರು ಒಪ್ಪಿದ್ದಾರೆ. ಕೋಟು ನನ್ನ ಬೀರುವಿನಲ್ಲೇ ಇದೆ, ಸೋಮವಾರ ಬಾ.”

ಅವಳು ಮತ್ತೆ ಸೀರೆ ಎತ್ತಿಕೊಂಡಳು. “ಬ್ಯಾಡ್ರಿ ಮೇಡಂ. ಸೂಜಿ ಹಿಡಿಯೋದು ಇನ್ನ ನನ್ ಕೈಲಿ ಆಗಲ್ಲ. ಇಲ್ಲಿ ಜನ ಹತ್ತು ಸೀರೆ ಬಿಚ್ಚಿಸಿ, ಚಲೋ ಐತೆ, ನಾಳೆ ಬರ್ತೀವಿ ಅಂತ ಹೇಳಿ ಹೋಗ್ತಾರೆ. ಬರಲ್ಲ ಅಂತ ನಂಗೂ ಗೊತ್ತಿರ್ತೈತೆ. ಆದ್ರೆ ಅದ್ರಿಂದ ಯಾರೂ ಬೀಳಲ್ಲ.”

ನನ್ನಲ್ಲಿದ್ದ ಮಾತುಗಳನ್ನೆಲ್ಲ ಆಡಿದೆ. ಪಾಠದ ವಿಷಯ ಹೇಳಿದೆ, ಅದು ನಿನ್ನಿಂದಲೇ ಆದದ್ದು ಎಂದೆ, ಸಿಟ್ಟೂ ಮಾಡಿದೆ. ಅವಳು ಎಲ್ಲದಕ್ಕೂ ಹೂಂ, ಹೂಂ ಎಂದಳು. ಬರುವುದಿಲ್ಲ ಎಂದು ನನಗೆ ತಿಳಿಯಿತು. ಅಷ್ಟರಲ್ಲಿ ಇಬ್ಬರು ಹೆಂಗಸರು ಒಳಗೆ ಬಂದರು. ಅವಳು ಏಳುತ್ತಾ ನನ್ನ ಹತ್ತಿರ ಬಾಗಿದಳು.

“ಅಜ್ಜಿನ್ನ ಮತ್ತೆ ಕಂಡ್ರೆ ಒಂದ್ ಮಾತು ಹೇಳ್ರಿ ಮೇಡಂ. ಅವತ್ತು ನಂದು ಊಟ ಆಗಿತ್ತು ಅಂತ ಹೇಳ್ರಿ.”

“ಆಗಿತ್ತಾ?”

“ಹೂಂನ್ರಿ, ಆಗಿತ್ತು” ಎಂದು ಹೇಳಿ, ಗಿರಾಕಿಗಳ ಕಡೆ ತಿರುಗಿ, “ಬರ್ರಿ ಅಕ್ಕಾರ, ಕೂಡ್ರಿ” ಎಂದಳು. ಏನು ಉಂಡಿದ್ದೆ ಎಂದು ನಾನು ಕೇಳಲಿಲ್ಲ.